ಅಕ್ಷರ ಕೆಟ್ಟಿತೆಂದು ಬೈಯುವ ಮೊದಲು

ಈ ಲೇಖನ ಶುರುವಾಗಿದ್ದು ಒಂದು ನೋಟ್‌ಬುಕ್‌ನಿಂದ.

ಹೋದ ವರ್ಷ ದೀಪಾವಳಿ ರಜೆಗೆ ನಮ್ಮ ಸಂಘದ ಗೆಳತಿಯೊಬ್ಬಳು ಚಿತ್ತಾಪುರ ತಾಲ್ಲೂಕಿನ ತನ್ನ ಊರಿಗೆ ಹೋಗಿದ್ದಳು. ಅವಳ ಕಾಕಾನ ಮಗಳು ಐದನೇ ಕ್ಲಾಸು. ಆ ಹುಡುಗಿಯ ಕನ್ನಡ ನೋಟ್‌ಬುಕ್ ತೆಗೆದು ನೋಡಿದರೆ, ಜುಲೈ ತಿಂಗಳ ಪುಟಗಳಲ್ಲಿ ಅಕ್ಷರ ಮುತ್ತು ಪೋಣಿಸಿದ ಹಾಗೆ ಇದ್ದವು. ಸೆಪ್ಟೆಂಬರ್ ಹೊತ್ತಿಗೆ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿದ್ದವು. ಅಕ್ಟೋಬರ್ ಪುಟಗಳನ್ನಂತೂ ಓದಲಿಕ್ಕೇ ಆಗುತ್ತಿರಲಿಲ್ಲ. ಅಲ್ಲಲ್ಲಿ ಪೆನ್ನು ಹಾಳೆ ಹರಿದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ‘ಗಮನ ಇಲ್ಲ’ ಎಂದು ಬರೆದಿತ್ತು.

“ಮೊದಲ ಎಷ್ಟು ಚಂದ ಬರೀತಿದ್ಳು. ಈಗ ಏನ್ ಆಗ್ಯಾದೋ ಏನೋ, ಬರೇ ಹಟ, ಬರೇ ಅಳೂದು. ತಾಟು ಕೊಟ್ರೆ ಕೈಯಾಗಿಂದು ಬೀಳಸ್ತಾಳ” ಅಂತ ಕಾಕಿ ಹೇಳಿದಳು. ಶಾಲೆಯಲ್ಲಿ ಎರಡು ಸಲ ಏಟು ಬಿದ್ದಿತ್ತು. ಆಯಿ ಮಾತ್ರ “ಕೂಸಿಗಿ ಗಾಳಿ ಆಗ್ಯಾದ” ಅಂತಿದ್ದಳು. ಯಾರೂ ಕೆಟ್ಟವರಲ್ಲ. ಎಲ್ಲರೂ ತಮಗೆ ಗೊತ್ತಿದ್ದಷ್ಟು ಹೇಳುತ್ತಿದ್ದರು, ಅಷ್ಟೇ.

ಕೊನೆಗೆ ಕಲಬುರಗಿಗೆ ಕರೆತಂದು ಮಕ್ಕಳ ಡಾಕ್ಟರಿಗೆ ತೋರಿಸಿದರು. ಅವರು ಹುಡುಗಿಗೆ ತಮ್ಮ ಎರಡು ಬೆರಳು ಕೊಟ್ಟು “ಗಟ್ಟಿಯಾಗಿ ಹಿಡಕೋ, ಬಿಡಬ್ಯಾಡ” ಅಂದರು. ಹುಡುಗಿ ಹಿಡಿದಳು, ಆದರೆ ಹಿಡಿತ ನಿಲ್ಲಲಿಲ್ಲ. ಒತ್ತಿ, ಸಡಿಲಾಗಿ, ಮತ್ತೆ ಒತ್ತಿ, ಹಾಲು ಕರೆಯುವ ಕೈಯ ಹಾಗೆ ಆಯಿತು. ನಾಲಿಗೆ ಹೊರಗೆ ಚಾಚಿ ಹಿಡಿ ಅಂದರೆ ಅದು ಸರ್ರನೆ ಒಳಗೆ ಹೋಯಿತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: “ಎರಡು ಮೂರು ತಿಂಗಳ ಹಿಂದ ಗಂಟಲ ಬ್ಯಾನಿ, ಜ್ವರ ಬಂದಿತ್ತೇನು?” ಬಂದಿತ್ತು. ಎಕೋ ಮಾಡಿಸಿದಾಗ ಹೃದಯದ ಒಂದು ಕವಾಟ ಸ್ವಲ್ಪ ಸೋರುತ್ತಿರುವುದೂ ಗೊತ್ತಾಯಿತು.

ಆ ಕಾಯಿಲೆಯ ಹೆಸರು ಸಿಡೆನ್‌ಹ್ಯಾಮ್ ಕೋರಿಯಾ. ನಮಗ್ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ನಮ್ಮ ಸಂಘದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಕಡೆಯವರು ಇದ್ದೀವಿ. ಕೂತು ಮಾತಾಡಿದಾಗ ‘ಮೊದಲ ಶಾಣ್ಯಾ ಇದ್ದ, ಆಮ್ಯಾಲ ದಡ್ಡ ಆದ’ ಅನ್ನುವ ಒಂದೊಂದು ಕಥೆ ಪ್ರತಿ ಊರಲ್ಲೂ ಸಿಕ್ಕಿತು. ಅವೆಲ್ಲ ಇದೇ ಕಾಯಿಲೆ ಅಂತ ನಾವು ಹೇಳೋದಿಲ್ಲ. ಆದರೆ ಮಗುವಿನ ಓದು, ನೆನಪು, ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ ಅದರ ಹಿಂದೆ ಒಂದು ರೋಗ ಇರಬಹುದು, ಅದಕ್ಕೆ ಔಷಧವೂ ಇರಬಹುದು. ಇಷ್ಟು ಗೊತ್ತಿದ್ದರೂ ಒಂದು ಮಗು ಏಟಿನಿಂದ ಉಳಿಯುತ್ತದೆ. ನಾವು ಡಾಕ್ಟರುಗಳಲ್ಲ. ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೀವಿ.

ಕಾವಲುಗಾರನ ತಪ್ಪು

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಮಾಡುವ ಮುಖ್ಯ ಕೆಲಸ ಗುರುತು ಹಿಡಿಯುವುದು. ಇದು ನಮ್ಮದು, ಇದು ಹೊರಗಿನದು ಅಂತ ಬೇರೆ ಮಾಡಬೇಕು. ಹೊರಗಿನದಾದರೆ ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು, ಅಂದ್ರೆ ಆಂಟಿಬಾಡಿಗಳನ್ನು ತಯಾರಿಸಬೇಕು. ಮಷಿನ್ ಲರ್ನಿಂಗ್ ಓದಿದವರಿಗೆ ಇದು ಬೇಗ ತಿಳಿಯುತ್ತದೆ. ಎಷ್ಟೇ ಒಳ್ಳೆಯ ಕ್ಲಾಸಿಫೈಯರ್ ಆದರೂ ಫಾಲ್ಸ್ ಪಾಸಿಟಿವ್ ತಪ್ಪಿದ್ದಲ್ಲ. ನಮ್ಮದನ್ನೇ ಹೊರಗಿನದು ಅಂತ ತಿಳಿದು ದಾಳಿ ಮಾಡಿದರೆ ಅದೇ ಆಟೋಇಮ್ಯೂನ್ ಕಾಯಿಲೆ. ದಾಳಿ ಕೀಲು, ಚರ್ಮ, ರಕ್ತನಾಳ, ಹೃದಯದ ಮೇಲೆ ನಡೆದಾಗ ಬರುವ ಹಲವು ಕಾಯಿಲೆಗಳನ್ನು ರುಮ್ಯಾಟಿಕ್ ಕಾಯಿಲೆಗಳು ಅಂತಾರೆ.

ಸಂಧಿವಾತ ಮುದುಕರಿಗೆ ಬರೋದು ಅಂತ ನಾವೆಲ್ಲ ಅಂದುಕೊಂಡಿರುತ್ತೀವಿ. ಅದು ತಪ್ಪು. ಮಕ್ಕಳಿಗೂ ಬರುತ್ತದೆ. ಎಷ್ಟೋ ಸಲ ಅದರ ಪೆಟ್ಟು ಮಗುವಿನ ತಲೆಗೂ ಬೀಳುತ್ತದೆ. ನಮ್ಮ ಕಡೆ ನೆನಪಿಡಬೇಕಾದ ಮೂರು ಕಾಯಿಲೆ ಇವೆ: ರುಮ್ಯಾಟಿಕ್ ಜ್ವರ, ಲೂಪಸ್ ಮತ್ತು ಮಕ್ಕಳ ಕೀಲುವಾತ. ಮೂರರಲ್ಲೂ ಓದಿಗೆ ತೊಂದರೆ ಆಗುವ ದಾರಿ ಬೇರೆ ಬೇರೆ.

ಗಂಟಲಿನಿಂದ ಮೆದುಳಿಗೆ

ಮೊದಲನೆಯದು ರುಮ್ಯಾಟಿಕ್ ಜ್ವರ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಗಂಟಲು ವಾಸಿಯಾದ ಎರಡು ಮೂರು ವಾರಕ್ಕೆ ಮತ್ತೆ ಜ್ವರ ಬಂದು, ಇವತ್ತು ಮೊಣಕಾಲು, ನಾಳೆ ಹರಡು, ನಾಡಿದ್ದು ಮೊಣಕೈ ಅಂತ ಕೀಲು ನೋವು ಜಾಗ ಬದಲಿಸುತ್ತದೆ. ಕೀಲು ನೋವು ಹೋಗಿಬಿಡುತ್ತದೆ. ಆದರೆ ಹೃದಯದ ಕವಾಟಕ್ಕೆ ಆದ ಪೆಟ್ಟು ಉಳಿಯಬಹುದು.

ಯಾಕೆ ಹೀಗೆ? ಆ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ರಚನೆಗಳು ನಮ್ಮ ಹೃದಯದ ಮತ್ತು ಮೆದುಳಿನ ಕೆಲವು ಪ್ರೋಟೀನುಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾ ವಿರುದ್ಧ ತಯಾರಾದ ಪ್ರತಿಕಾಯಗಳು ಅದೇ ಹೋಲಿಕೆ ನೋಡಿ ನಮ್ಮ ಮೇಲೂ ಏರಿಬರುತ್ತವೆ. ಮೆದುಳಿನೊಳಗೆ ಅವುಗಳ ಗುರಿ ಬೇಸಲ್ ಗ್ಯಾಂಗ್ಲಿಯಾ ಎಂಬ ಒಳಭಾಗ. ಇದು ಒಂದು ಗೇಟ್ ಇದ್ದಂತೆ. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನಿರ್ಧರಿಸುವುದು ಇಲ್ಲಿ. ಗೇಟ್ ಕೆಟ್ಟರೆ ಬೇಡದ ಸಿಗ್ನಲ್ಲೂ ಹೊರಗೆ ಬರುತ್ತದೆ. ಕೈ ಎಗರುತ್ತದೆ, ಮುಖ ಸೊಟ್ಟಗಾಗುತ್ತದೆ, ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ನಿದ್ದೆ ಹತ್ತಿದ ಮೇಲೆ ಸಾಮಾನ್ಯವಾಗಿ ಎಲ್ಲ ನಿಂತುಬಿಡುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಜಾಸ್ತಿ.

ಆದರೆ ಈ ಗೇಟ್ ಕೈಕಾಲಿಗೆ ಮಾತ್ರ ಇರುವುದಲ್ಲ. ಗಮನ, ಯೋಚನೆ, ಭಾವನೆಗಳ ಸರ್ಕ್ಯೂಟುಗಳೂ ಇದರ ಮೂಲಕವೇ ಹಾಯುತ್ತವೆ. ಆದ್ದರಿಂದ ಕೈ ಎಗರುವ ಮುಂಚೆಯೇ ಮಗು ಸಿಡುಕಾಗಬಹುದು, ಕಾರಣ ಇಲ್ಲದೆ ಅಳಬಹುದು, ಕೂತಲ್ಲಿ ಕೂರದಿರಬಹುದು, ಒಂದು ವಾಕ್ಯ ಓದಿ ಮುಗಿಸುವಷ್ಟು ಗಮನವೂ ನಿಲ್ಲದಿರಬಹುದು. ಕೈ ಮತ್ತೆ ಮತ್ತೆ ತೊಳೆಯುವುದು, ಒಂದೇ ವಿಷಯ ತಲೆಯಲ್ಲಿ ಸುತ್ತುವುದು ಇಂಥವೂ ಕಾಣಬಹುದು.

ಇದೇನು ಹೊಸ ಸಂಗತಿ ಅಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಈ ಚಲನೆಗಳನ್ನು ವಿವರಿಸಿದ್ದು 1686ರಲ್ಲಿ. 1894ರಲ್ಲಿ ವಿಲಿಯಂ ಆಸ್ಲರ್ ಕೋರಿಯಾ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮಕ್ಕಳ ವಿಚಿತ್ರ ನಡವಳಿಕೆಯನ್ನೂ ಗುರುತಿಸಿದ್ದರು. 1989ರಲ್ಲಿ ಅಮೆರಿಕದ ಸೂಸನ್ ಸ್ವೀಡೋ ಮತ್ತು ಸಂಗಡಿಗರು, ಕೋರಿಯಾ ಬಂದ ಮಕ್ಕಳಲ್ಲಿ ಗೀಳಿನ ಲಕ್ಷಣಗಳು ಹೆಚ್ಚು ಅಂತ ತೋರಿಸಿದರು.

ಇಲ್ಲಿ ಮೋಸ ಮಾಡುವುದು ಸಮಯ. ಕೀಲು ನೋವು ಎರಡು ಮೂರು ವಾರಕ್ಕೆ ಬಂದರೆ, ಕೋರಿಯಾ ಬರಲು ಒಂದರಿಂದ ಆರು ತಿಂಗಳು ಹಿಡಿಯಬಹುದು. ಜುಲೈ ತಿಂಗಳ ಗಂಟಲು ನೋವಿಗೂ ಅಕ್ಟೋಬರಿನ ಕೆಟ್ಟ ಅಕ್ಷರಕ್ಕೂ ಸಂಬಂಧ ಇದೆ ಅಂತ ಯಾವ ತಾಯಿಗೆ ಹೊಳೆಯುತ್ತದೆ? ಅಷ್ಟೊತ್ತಿಗೆ ರಕ್ತದ ಎಎಸ್‌ಒ ಪರೀಕ್ಷೆಯೂ ನಾರ್ಮಲ್ ಬರಬಹುದು. ಅದಕ್ಕೇ ರುಮ್ಯಾಟಿಕ್ ಜ್ವರ ಗುರುತಿಸಲು ವೈದ್ಯರು ಬಳಸುವ ಜೋನ್ಸ್ ಮಾನದಂಡದಲ್ಲಿ ಕೋರಿಯಾಕ್ಕೆ ವಿಶೇಷ ಸ್ಥಾನ ಇದೆ. 1944ರಲ್ಲಿ ಬಂದು, 2015ರಲ್ಲಿ ಪರಿಷ್ಕರಣೆಯಾದ ಈ ಪಟ್ಟಿಯ ಪ್ರಕಾರ, ಬೇರೆ ಕಾರಣಗಳಿಲ್ಲ ಅಂತ ಖಾತ್ರಿಯಾದರೆ ಕೋರಿಯಾ ಒಂದೇ ಸಾಕು, ರುಮ್ಯಾಟಿಕ್ ಜ್ವರ ಅಂತ ತೀರ್ಮಾನಿಸಬಹುದು.

ಲೂಪಸ್: ಹದಿಹರೆಯದ ಕಾಯಿಲೆ

ಎರಡನೆಯದು ಲೂಪಸ್. ದೊಡ್ಡ ಹುಡುಗಿಯರಲ್ಲಿ, ಹೈಸ್ಕೂಲು–ಪಿಯುಸಿ ವಯಸ್ಸಿನಲ್ಲಿ ಹೆಚ್ಚು ಕಾಣುತ್ತದೆ. ಬಿಸಿಲಿಗೆ ಹೋದರೆ ಕೆನ್ನೆ ಮೂಗಿನ ಮೇಲೆ ಚಿಟ್ಟೆಯಾಕಾರದ ಕೆಂಪು, ಬಾಯಲ್ಲಿ ಹುಣ್ಣು, ಕೂದಲು ಉದುರುವುದು, ಬಿಡದ ಜ್ವರ, ಸುಸ್ತು, ಮುಖ ಕಾಲು ಬಾತುಕೊಳ್ಳುವುದು ಇದರ ಗುರುತುಗಳು. ಇದು ಕಿಡ್ನಿಗೂ ಮೆದುಳಿಗೂ ಹೋಗಬಹುದು. 1999ರಲ್ಲಿ ಅಮೆರಿಕದ ರುಮಟಾಲಜಿ ವೈದ್ಯರ ಸಂಸ್ಥೆ, ಲೂಪಸ್‌ನಿಂದ ಬರಬಹುದಾದ ನರ ಮತ್ತು ಮನಸ್ಸಿನ 19 ತೊಂದರೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಫಿಟ್ಸ್, ಪಾರ್ಶ್ವವಾಯು ಇದ್ದ ಹಾಗೆ, ನೆನಪು ಮತ್ತು ಗ್ರಹಿಕೆಯ ತೊಂದರೆಯೂ ಒಂದು.

2001ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಲೂಪಸ್‌ನ ಕೆಲವು ಪ್ರತಿಕಾಯಗಳು ಮೆದುಳಿನ ಎನ್‌ಎಂಡಿಎ ಗ್ರಾಹಕಕ್ಕೂ ಅಂಟಿಕೊಳ್ಳುತ್ತವೆ ಅಂತ ಗೊತ್ತಾಯಿತು. ನಾವು ಏನನ್ನಾದರೂ ಕಲಿತು ನೆನಪಿಟ್ಟುಕೊಳ್ಳಲು ಬೇಕಾದ ಗ್ರಾಹಕ ಅದು. ಸಾಮಾನ್ಯವಾಗಿ ರಕ್ತ ಮತ್ತು ಮೆದುಳಿನ ನಡುವೆ ಒಂದು ತಡೆಗೋಡೆ ಇರುತ್ತದೆ. ಸೋಂಕು ಅಥವಾ ಉರಿಯೂತದಿಂದ ಗೋಡೆ ಸಡಿಲಾದಾಗ ಪ್ರತಿಕಾಯಗಳು ಒಳಗೆ ನುಗ್ಗುತ್ತವೆ. ಇದರ ಜೊತೆಗೆ ಚಿಕಿತ್ಸೆಗೆ ಕೊಡುವ ಸ್ಟಿರಾಯ್ಡ್ ಹೆಚ್ಚಿನ ಪ್ರಮಾಣದಲ್ಲಿದ್ದಾಗ ನಿದ್ದೆ, ಮನಸ್ಸು, ನೆನಪು ಏರುಪೇರಾಗಬಹುದು. ಹಾಗಂತ ಗುಳಿಗೆ ತಾವೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕಾಯಿಲೆಯಿಂದ ಬಂದದ್ದೋ ಔಷಧದಿಂದ ಬಂದದ್ದೋ ಅಂತ ಡಾಕ್ಟರೇ ನೋಡಬೇಕು.

ಕೀಲುವಾತ: ತಲೆ ಸರಿ ಇದ್ದೂ ಹಿಂದೆ ಬೀಳುವುದು

ಮೂರನೆಯದು ಮಕ್ಕಳ ಕೀಲುವಾತ, ಅಂದ್ರೆ ಜುವೆನೈಲ್ ಆರ್ಥ್ರೈಟಿಸ್. 16 ವರ್ಷದೊಳಗೆ ಶುರುವಾಗಿ, ಬೇರೆ ಕಾರಣ ಇಲ್ಲದೆ ಕನಿಷ್ಠ 6 ವಾರ ಕೀಲು ಬಾತು ನೋಯುತ್ತಿದ್ದರೆ ಇದನ್ನು ಅನುಮಾನಿಸುತ್ತಾರೆ. ಇದು ಸಾಮಾನ್ಯವಾಗಿ ಮೆದುಳಿನ ಮೇಲೆ ನೇರ ದಾಳಿ ಮಾಡುವುದಿಲ್ಲ. ಬುದ್ಧಿ ಇದ್ದ ಹಾಗೇ ಇರುತ್ತದೆ. ಆದರೆ ಬೆಳಿಗ್ಗೆ ಕೀಲುಗಳು ಬಿಗಿದಿರುತ್ತವೆ, ರಾತ್ರಿ ನೋವಿಗೆ ನಿದ್ದೆ ಇಲ್ಲ, ವಾರಕ್ಕೊಮ್ಮೆಯ ಗುಳಿಗೆ ತಗೊಂಡರೆ ವಾಕರಿಕೆ, ತಿಂಗಳಿಗೊಮ್ಮೆ ಆಸ್ಪತ್ರೆ. ಮೊದಲ ಪೀರಿಯಡ್ಡಿಗೆ ಬರಲು ಆಗುವುದಿಲ್ಲ. ಬೆರಳು ನೋಯುವಾಗ ಮೂರು ತಾಸಿನ ಪರೀಕ್ಷೆ ಬರೆದು ಮುಗಿಯುವುದಿಲ್ಲ. ಉತ್ತರ ಗೊತ್ತಿದ್ದೂ ಮಾರ್ಕ್ಸ್ ಬರುವುದಿಲ್ಲ. ಇನ್ನೊಂದು ಮಾತು: ಈ ಕಾಯಿಲೆ ನೋವೇ ಇಲ್ಲದೆ ಕಣ್ಣಿನೊಳಗೂ ಉರಿಯೂತ ತರಬಹುದು. ಬೋರ್ಡು ಕಾಣದ ಮಗುವನ್ನೂ ನಾವು ದಡ್ಡ ಅಂತಲೇ ಕರೆಯುತ್ತೀವಿ.

‘ದಡ್ಡ’ ಅಂದರೆ ಏನು?

ನಾವು ಒಂದೇ ಪದದಲ್ಲಿ ಮುಗಿಸಿಬಿಡುವುದನ್ನು ವೈದ್ಯರು ಬಿಡಿಸಿ ನೋಡುತ್ತಾರೆ. ಮುಖ್ಯವಾಗಿ ಮೂರು ಇವೆ. ಒಂದು, ಗಮನ. ಎರಡು, ಕೆಲಸದ ನೆನಪು: ಏಳೆಂಟಲಿ ಐವತ್ತಾರು, ಐದು ದಶಕ ಅಂತ ಕ್ಷಣ ಹೊತ್ತು ತಲೆಯಲ್ಲಿ ಹಿಡಿದಿಡುವ ಜಾಗ. ಮೂರು, ವೇಗ. ಕಂಪ್ಯೂಟರಿಗೆ ಹೋಲಿಸಿದರೆ, ಹಾರ್ಡ್ ಡಿಸ್ಕಿನಲ್ಲಿ ಹಿಂದೆ ಕಲಿತದ್ದೆಲ್ಲ ಹಾಗೇ ಇದೆ. ಕಡಿಮೆಯಾಗಿರುವುದು ರ್‍ಯಾಮ್ ಮತ್ತು ಕ್ಲಾಕ್ ಸ್ಪೀಡ್. ಹಿನ್ನೆಲೆಯಲ್ಲಿ ನೋವು, ಜ್ವರ, ಸುಸ್ತು ಎಂಬ ಪ್ರೋಗ್ರಾಂಗಳು ಬೇರೆ ಓಡುತ್ತಿವೆ.

ಹಾಗಾಗಿ ಇಂಥ ಮಗುವಿಗೆ ಮಗ್ಗಿ ಬರುತ್ತದೆ, ಬಾಯಿಲೆಕ್ಕ ಬರುವುದಿಲ್ಲ. ಪಾಠ ಗೊತ್ತು, ಡಿಕ್ಟೇಷನ್ ಕೊಟ್ಟರೆ ಹಿಂದೆ ಬೀಳುತ್ತದೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಮರೆಯುತ್ತದೆ. ಹುಟ್ಟಿನಿಂದ ಇರುವ ಕಲಿಕೆಯ ತೊಂದರೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಬದಲಾವಣೆ. ‘ಮೊದಲು ಬರುತ್ತಿತ್ತು, ಈಗ ಬರುತ್ತಿಲ್ಲ’ ಅನ್ನುವ ಮಾತು ಕೇಳಿದರೆ ಅಲ್ಲಿ ನಿಲ್ಲಬೇಕು.

ನಮ್ಮ ಐದು ಊರುಗಳಲ್ಲಿ

ಈ ಕಾಯಿಲೆ ಶ್ರೀಮಂತ ದೇಶಗಳಲ್ಲಿ ಬಹುಪಾಲು ಕಡಿಮೆಯಾಗಿದೆ. ಒತ್ತೊತ್ತಾದ ಮನೆ, ತಡವಾದ ಚಿಕಿತ್ಸೆ ಇರುವಲ್ಲಿ ಉಳಿದಿದೆ. 2018ರಲ್ಲಿ ವಿಶ್ವ ಆರೋಗ್ಯ ಸಭೆ ರುಮ್ಯಾಟಿಕ್ ಹೃದ್ರೋಗದ ಬಗ್ಗೆ ನಿರ್ಣಯ ಮಾಡಿದ್ದು ಇದೇ ಕಾರಣಕ್ಕೆ. ಒಂದೇ ಖೋಲಿಯಲ್ಲಿ ಆರೇಳು ಜನ ಮಲಗುವ ಮನೆಗಳು ವಾಡಿ, ಶಹಾಬಾದ್ ಗಲ್ಲಿಗಳಲ್ಲೂ ಇವೆ, ಚಿಂಚೋಳಿಯ ತಾಂಡಾಗಳಲ್ಲೂ ಇವೆ. ಒಬ್ಬರ ಗಂಟಲಿನ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ಹೋಗಲು ಅಷ್ಟು ಸಾಕು.

ನಮ್ಮದೇ ಒಂದು ಅಭ್ಯಾಸವೂ ಇದೆ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ. ಶಹಾಬಾದ್, ಚಿತ್ತಾಪುರ ಕಡೆ ಫರ್ಸಿ ಕಲ್ಲಿನ ಗಣಿ, ಪಾಲಿಶ್ ಮಷಿನ್ನು. ಮಗು ಗಂಟಲು ನೋವು ಅಂದ್ರೆ “ಧೂಳಿಗಿ ಬಂದದ, ಹೋಗ್ತದ” ಅಂತೀವಿ. ಧೂಳಿನಿಂದ ಬೇರೆ ತೊಂದರೆ ಬರುವುದು ನಿಜ. ಆದರೆ ರುಮ್ಯಾಟಿಕ್ ಜ್ವರಕ್ಕೆ ಕಾರಣ ಧೂಳಲ್ಲ, ಬ್ಯಾಕ್ಟೀರಿಯಾ. ಅದನ್ನು ಶುರುವಾದ 9 ದಿನದೊಳಗೆ ಸರಿಯಾದ ಆಂಟಿಬಯೊಟಿಕ್‌ನಿಂದ ತಡೆದರೆ ರುಮ್ಯಾಟಿಕ್ ಜ್ವರವನ್ನೇ ತಪ್ಪಿಸಬಹುದು. ಹೆಚ್ಚಿನ ಗಂಟಲು ನೋವು ವೈರಸ್‌ನದು, ಅದಕ್ಕೆ ಆಂಟಿಬಯೊಟಿಕ್ ಬೇಕಿಲ್ಲ. ಜ್ವರ ಇದ್ದು, ಕೆಮ್ಮು ನೆಗಡಿ ಇಲ್ಲದೆ, ದವಡೆ ಕೆಳಗೆ ಗಂಟು ಬಾತು, ನುಂಗಲು ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೆಡಿಕಲ್ ಶಾಪಿನಲ್ಲಿ ಎರಡು ಗುಳಿಗೆ ತಂದು ಜ್ವರ ಇಳಿದ ಕೂಡಲೇ ನಿಲ್ಲಿಸಿದರೆ ಆಗದು. ಪೆನಿಸಿಲಿನ್ ಗುಳಿಗೆಯಾದರೆ 10 ದಿನ ಪೂರ್ತಿ ತಗೋಬೇಕು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಬರದ ಹಾಗೆ ಬೆಂಜಥೀನ್ ಪೆನಿಸಿಲಿನ್ ಸೂಜಿ ಕೊಡುತ್ತಾರೆ. ಮೂರು ವಾರಕ್ಕೊಂದು. ಹೃದಯಕ್ಕೆ ಏನೂ ಆಗಿರದಿದ್ದರೂ ಕನಿಷ್ಠ 5 ವರ್ಷ. ಹೃದಯಕ್ಕೆ ಪೆಟ್ಟಾಗಿದ್ದರೆ 10 ವರ್ಷ ಅಥವಾ ಇನ್ನೂ ಹೆಚ್ಚು. ಲೆಕ್ಕ ಹಾಕಿ: ವರ್ಷಕ್ಕೆ 17, ಹತ್ತು ವರ್ಷಕ್ಕೆ 170ಕ್ಕೂ ಹೆಚ್ಚು ಸೂಜಿ. ಬಹಳ ನೋಯುವ ಸೂಜಿ ಅದು. ದೀಪಾವಳಿ ಮುಗಿಸಿ ಕುಟುಂಬ ಹೈದರಾಬಾದಿಗೋ ಪುಣೆಗೋ ಕೂಲಿಗೆ ಹೋದರೆ ಸರಪಳಿ ತುಂಡಾಗುತ್ತದೆ. ವಾಡಿ, ಶಹಾಬಾದಿನವರಿಗೆ ಕಲಬುರಗಿಗೆ ರೈಲು ಇದೆ. ಸೇಡಂ, ಚಿತ್ತಾಪುರದವರು ವಾಡಿ ಮೇಲೆ ಬರಬಹುದು. ಚಿಂಚೋಳಿಗೆ ರೈಲೇ ಇಲ್ಲ. ಸೂಜಿಗಾಗಿ ಪ್ರತಿ ಸಲ ಒಂದು ದಿನದ ಕೂಲಿ ಬಿಟ್ಟು ಬಸ್ಸಿಗೆ ಬರುವುದು ಸುಲಭ ಅಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಯಲ್ಲಿ ರೋಗ ಪತ್ತೆಯಾದ ದಿನವೇ, ‘ಮುಂದಿನ ಸೂಜಿ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕಿಸಲು ಚೀಟಿ ಬರೆದುಕೊಡಿ’ ಅಂತ ಕೇಳಬೇಕು. ಕೂಲಿಗೆ ಹೊರಟಾಗ ಆ ಚೀಟಿ ಬಟ್ಟೆಗಂಟಿನಲ್ಲಿ ಇರಬೇಕು.

ಸರ್ಕಾರದ ಕಡೆಯಿಂದ ಒಂದು ದಾರಿ ಈಗಾಗಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ, ಕಲಿಕೆಯ ತೊಂದರೆಯೂ ಇದೆ. ನಮ್ಮ ವಿಷಯದಲ್ಲಿ ಈ ಎರಡೂ ಒಂದೇ ಮಗುವಿನಲ್ಲಿ ಇರಬಹುದು. ತಂಡ ಬಂದ ದಿನ ಟೀಚರು ಆ ನೋಟ್‌ಬುಕ್ ತೋರಿಸಿ ಎರಡು ಮಾತು ಹೇಳಿದರೆ ಕೆಲಸ ಆಗುತ್ತದೆ. ಹೃದಯಕ್ಕೆ ಸಂಬಂಧಿಸಿದ ಪರೀಕ್ಷೆಗೆ ಕಲಬುರಗಿಯಲ್ಲೇ ಜಯದೇವ ಸಂಸ್ಥೆಯ ಆಸ್ಪತ್ರೆ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ.

2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಗೆ ಬಂತು. ಅದಕ್ಕೆ ಕಾರಣ ನೂರಾರು, ಈ ಕಾಯಿಲೆಗಳ ಪಾಲು ಅದರಲ್ಲಿ ಬಹಳ ಸಣ್ಣದು. ಆದರೆ ‘ನಮ್ಮ ಹುಡುಗ್ರೇ ಹಿಂಗ’ ಅನ್ನುವ ಮಾತು ರೂಢಿಯಾದ ಕಡೆ, ರೋಗಿ ಮಗು ಆ ಗುಂಪಿನೊಳಗೆ ಯಾರಿಗೂ ಕಾಣದೆ ಕಳೆದುಹೋಗುತ್ತದೆ. ನಮಗೆ ಚಿಂತೆ ಆಗಿದ್ದು ಅದಕ್ಕೇ.

ನಾವು ಮಾಡಬಹುದಾದದ್ದು

ನಮ್ಮಲ್ಲಿ ಎಷ್ಟೋ ಜನ ಊರಿಗೆ ಹೋದಾಗ ತಮ್ಮ ತಂಗಿಯರಿಗೆ ಪಾಠ ಹೇಳುತ್ತೀವಿ, ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಶಾಲೆಗಳಿಗೆ ಹೋಗುತ್ತೀವಿ. ಆಗ ಇಷ್ಟು ನೋಡೋಣ.

ನೋಟ್‌ಬುಕ್ಕಿನ ಹಳೆಯ ಪುಟ ಮತ್ತು ಹೊಸ ಪುಟ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕೈ ಮುಂದೆ ಚಾಚಿ ಸುಮ್ಮನೆ ನಿಲ್ಲಲು ಹೇಳಿ. ನಿಮ್ಮ ಎರಡು ಬೆರಳು ಹಿಡಿಯಲು ಹೇಳಿ. ಇತ್ತೀಚೆಗೆ ಗಂಟಲು ನೋವು, ಕೀಲು ನೋವು, ಬಿಡದ ಜ್ವರ, ಮುಖದ ಮೇಲೆ ಕೆಂಪು ಬಂದಿತ್ತಾ ಅಂತ ಅವ್ವನನ್ನು ಕೇಳಿ. ಅನುಮಾನ ಬಂದರೆ ರೋಗದ ಹೆಸರು ನಾವು ಹೇಳಬಾರದು, ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಬೇಕು. ಮನೆಯವರು ದರ್ಗಾಕ್ಕೋ ಗುಡಿಗೋ ಹೋಗ್ತೀವಿ ಅಂದರೆ ಜಗಳ ಬೇಡ. “ಅದನ್ನೂ ಮಾಡ್ರಿ, ದವಾಖಾನಿಗೂ ಹೋಗ್ರಿ” ಅಂದರೆ ಕೇಳುತ್ತಾರೆ.

ರೋಗ ಗೊತ್ತಾದ ಮೇಲೆ ಶಾಲೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದದ್ದು ಬಹಳ ಇದೆ. ಮುಂದಿನ ಬೆಂಚಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಬರೆಯುವ ಬದಲು ಬಾಯಲ್ಲಿ ಉತ್ತರ ಕೇಳುವುದು, ಕಿರುಪರೀಕ್ಷೆಗೆ ಹೆಚ್ಚು ಹೊತ್ತು ಕೊಡುವುದು, ತಪ್ಪಿದ ಪಾಠವನ್ನು ಗೆಳೆಯರಿಂದ ಬರೆಸಿಕೊಡುವುದು. ಮುಖ್ಯವಾಗಿ ಹೊಡೆಯದಿರುವುದು. ತಡೆಯಲು ಆಗದ ಚಲನೆಗೆ ಹೊಡೆದರೆ ಗಾಬರಿಗೆ ಅದು ಇನ್ನೂ ಹೆಚ್ಚಾಗುತ್ತದೆ.

ನಾವು ಆ್ಯಪ್ ಮಾಡೋಣ ಅಂತಲೂ ಮಾತಾಡಿದೆವು. ಕೊನೆಗೆ ಮಾಡಿದ್ದು ಗೋಡೆಗೆ ಹಾಕುವ ಒಂದು ಹಾಳೆ. ಪ್ರತಿ 21 ದಿನಕ್ಕೊಂದು ಚೌಕ, ಒಂದು ವರ್ಷಕ್ಕೆ ಆಗುವಷ್ಟು. ಸೂಜಿ ಆದ ದಿನ ಮಗುವೇ ಬಣ್ಣ ತುಂಬಬೇಕು. ಫೋನು ರಿಚಾರ್ಜ್ ಇಲ್ಲದಿದ್ದರೂ ಇದು ನಡೆಯುತ್ತದೆ.

ಆ ಹುಡುಗಿಯ ಕೈ ಎಗರುವುದು ಸಂಕ್ರಾಂತಿ ದಾಟಿ ಶಿವರಾತ್ರಿ ಹೊತ್ತಿಗೆ ನಿಂತಿತು. ಹೆಚ್ಚಿನ ಮಕ್ಕಳಲ್ಲಿ ಹೀಗೇ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ. ಅಕ್ಷರ ಮತ್ತೆ ಗೆರೆ ಮೇಲೆ ಕೂತಿವೆ. ಬಾಯಿಲೆಕ್ಕ ಮಾತ್ರ ಇನ್ನೂ ನಿಧಾನ, ಆದರೆ ಈಗ ಯಾರೂ ಬೈಯುವುದಿಲ್ಲ, ಕಾಯುತ್ತಾರೆ. ಕವಾಟ ಸೋರುತ್ತಿರುವುದರಿಂದ ಸೂಜಿ ಇನ್ನೂ ಹತ್ತು ವರ್ಷವಾದರೂ ಬೇಕು. ಅಂದ್ರೆ ಅವಳು ನಮ್ಮ ವಯಸ್ಸಿಗೆ ಬರುವ ತನಕ. ಮೊನ್ನೆ ಫೋನ್ ಮಾಡಿ “ಅಕ್ಕಾ, ಎಂಟು ಚೌಕ ಆದವು” ಅಂದಳಂತೆ.

ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ, ಓಣಿಯ ಒಂದು ಮಗುವಿನ ನೋಟ್‌ಬುಕ್ ತೆಗೆದು ನೋಡಿ. ಗೋಡೆ ಹಾಳೆ ಬೇಕಾದವರು ಸಂಘದ ಕೋಣೆಗೆ ಬನ್ನಿ, ಪ್ರಿಂಟ್ ಇಟ್ಟಿದ್ದೀವಿ.